ಎಲ್ಲರೂ ಒಮ್ಮೆಲೇ ಜಿಗಿದರೆ? ಆಲೋಚನಾ ಪ್ರಯೋಗದ ಗದ್ಯಭಾಗವನ್ನು ಓದಿ ಉತ್ತರಿಸುವ ಕ್ರಮ

ಭೂಮಿಯ ಮೇಲಿನ ಮನುಷ್ಯರೆಲ್ಲ ಒಂದೇ ಬಯಲಿನಲ್ಲಿ ನಿಂತು ಒಮ್ಮೆಲೇ ಜಿಗಿದರೆ ಏನಾಗುತ್ತದೆ ಎಂಬ ಗದ್ಯಭಾಗವನ್ನು ಓದಿಸಿ ಪ್ರಶ್ನೆ ಕೇಳಿದರೆ, ತರಗತಿಯಲ್ಲಿ ಎರಡು ಬಗೆಯ ತಪ್ಪು ಉತ್ತರಗಳು ತಪ್ಪದೆ ಬರುತ್ತವೆ. ‘ಅಷ್ಟು ಜನರನ್ನು ಒಂದೆಡೆ ಸೇರಿಸಲು ಸಾಧ್ಯವೇ ಇಲ್ಲ’ ಎಂದು ಕೆಲವರು ಬರೆಯುತ್ತಾರೆ. ‘ಹೀಗೆ ಜಿಗಿಯುವುದರಿಂದ ಭೂಮಿಗೆ ಅಪಾಯವಿದೆ, ಜನರು ಎಚ್ಚರ ವಹಿಸಬೇಕು’ ಎಂದು ಇನ್ನು ಕೆಲವರು ಬರೆಯುತ್ತಾರೆ. ಮೊದಲಿನವರ ಮಾತು ನಿಜವೇ, ಆದರೆ ಅದು ಉತ್ತರವಲ್ಲ; ಅವರು ಊಹೆಯ ಹೊಸ್ತಿಲನ್ನು ದಾಟಲೇ ಇಲ್ಲ. ಎರಡನೆಯವರು ದಾಟಿ ಒಳಗೆ ಹೋದರು, ಹೊರಗೆ ಬರುವುದನ್ನು ಮರೆತರು.

ಎರಡೂ ತಪ್ಪುಗಳ ಬೇರು ಒಂದೇ. ಇರುವ ಲೋಕ ಯಾವುದು, ಇದೆಯೆಂದು ಸದ್ಯಕ್ಕೆ ಒಪ್ಪಿಕೊಂಡ ಲೋಕ ಯಾವುದು ಎಂಬ ಗೆರೆಯನ್ನು ಓದುಗ ಕಾಣಲಿಲ್ಲ. ಕನ್ನಡದಲ್ಲಿ ಬರೆದ ಗದ್ಯಭಾಗವಾದರೆ ಆ ಗೆರೆಯನ್ನು ಹುಡುಕಲು ವಿಜ್ಞಾನದ ಆಳವಾದ ಜ್ಞಾನವೇನೂ ಬೇಕಾಗಿಲ್ಲ. ಬಹುಪಾಲು ಅದು ಕ್ರಿಯಾಪದಗಳ ತುದಿಯಲ್ಲೇ ಕುಳಿತಿರುತ್ತದೆ. ಎಸ್ಎಸ್ಎಲ್‌ಸಿ, ಪಿಯುಸಿ ವಿದ್ಯಾರ್ಥಿಗಳಿಗೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೂ ಈ ಕ್ರಮವನ್ನು ಒಂದು ಗದ್ಯಭಾಗದ ಮೂಲಕವೇ ತೋರಿಸುವುದು ನನ್ನ ಉದ್ದೇಶ. ಕೆಳಗಿನ ಗದ್ಯಭಾಗವನ್ನು ಮೊದಲು ಪೆನ್ಸಿಲ್ ಹಿಡಿಯದೆ ಒಮ್ಮೆ ಓದಿ.

ಗದ್ಯಭಾಗ

2022ರ ನವೆಂಬರ್ 15ರಂದು ಜಗತ್ತಿನ ಜನಸಂಖ್ಯೆ 800 ಕೋಟಿ ಮುಟ್ಟಿತೆಂದು ವಿಶ್ವಸಂಸ್ಥೆ ಗುರುತಿಸಿತು. ಇಷ್ಟೂ ಜನರನ್ನು ಒಂದೇ ಬಯಲಿಗೆ ಕರೆತಂದು ನಿಲ್ಲಿಸಿದೆವು ಎಂದುಕೊಳ್ಳೋಣ. ಹೇಗೆ ಕರೆತಂದೆವು, ಅನ್ನ ನೀರು ಎಲ್ಲಿಂದ ಒದಗಿಸಿದೆವು ಎಂಬುದು ಇಲ್ಲಿ ಪ್ರಶ್ನೆಯಲ್ಲ. ಒಂದು ಚದರ ಮೀಟರಿಗೆ ನಾಲ್ವರಂತೆ ನಿಂತರೆ ಇವರಿಗೆ ಬೇಕಾಗುವ ಜಾಗ 2,000 ಚದರ ಕಿಲೋಮೀಟರ್. ಬೆಂಗಳೂರು ನಗರ ಜಿಲ್ಲೆಯ ವಿಸ್ತೀರ್ಣ ಇದಕ್ಕಿಂತ ತುಸು ಹೆಚ್ಚೇ ಇದೆ.

ಹಸುಗೂಸಿನಿಂದ ಮುದುಕರವರೆಗೆ ಸರಾಸರಿ ತೂಕ 50 ಕಿಲೋ ಎಂದು ಹಿಡಿದರೆ, ಈ ಜನರ ಒಟ್ಟು ದ್ರವ್ಯರಾಶಿ 40 ಕೋಟಿ ಟನ್ ಆಗುತ್ತದೆ. ಇವರೆಲ್ಲರೂ ಒಂದೇ ಕ್ಷಣದಲ್ಲಿ 30 ಸೆಂಟಿಮೀಟರ್ ಎತ್ತರಕ್ಕೆ ಜಿಗಿದರೆ, ಕ್ರಿಯೆಗೆ ಪ್ರತಿಕ್ರಿಯೆ ಇರುವುದರಿಂದ ಭೂಮಿ ಕೆಳಕ್ಕೆ ಸರಿಯಲೇಬೇಕು. ಆದರೆ ಭೂಮಿಯ ದ್ರವ್ಯರಾಶಿ ಈ ಜನರ ದ್ರವ್ಯರಾಶಿಗಿಂತ ಸುಮಾರು 15 ಲಕ್ಷ ಕೋಟಿ ಪಟ್ಟು ಹೆಚ್ಚು. ಆದ್ದರಿಂದ ಅದು ಸರಿಯುವ ದೂರ ಒಂದು ಜಲಜನಕ ಪರಮಾಣುವಿನ ಅಡ್ಡಳತೆಯ ಸುಮಾರು ಐದು ಸಾವಿರದಲ್ಲಿ ಒಂದು ಪಾಲು ಮಾತ್ರ. ಜನ ನೆಲಕ್ಕಿಳಿದಾಗ ಅದೂ ಮೊದಲಿದ್ದಲ್ಲಿಗೆ ಮರಳುತ್ತದೆ. ಇಳಿಯುವ ರಭಸದಲ್ಲಿ ನೆಲಕ್ಕೆ ಸೇರುವ ಶಕ್ತಿ ಹಿರೋಷಿಮಾದ ಮೇಲೆ ಬಿದ್ದ ಬಾಂಬಿನ ಶಕ್ತಿಯ ಸುಮಾರು ಐವತ್ತರಲ್ಲೊಂದು ಪಾಲು. ಅದೂ 2,000 ಚದರ ಕಿಲೋಮೀಟರಿನಲ್ಲಿ ಹಂಚಿಹೋಗುವುದರಿಂದ ನೆಲ ನಡುಗೀತು, ಸೀಳಲಾರದು.

ಹೀಗಿದ್ದರೂ ಇದೇ ಜನ ಜಿಗಿಯದೆ, ಬರಿದೆ ಬದುಕುತ್ತಲೇ, ಭೂಮಿಯ ಗಾಳಿಯನ್ನು ಬದಲಿಸಿದ್ದಾರೆ. ಕೈಗಾರಿಕಾ ಯುಗಕ್ಕೆ ಮುಂಚೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು 280 ಪಾಲು ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ಪಾಲನ್ನು ದಾಟಿದೆ. ಮನುಷ್ಯನ ತೂಕ ಭೂಮಿಗೆ ಲೆಕ್ಕಕ್ಕಿಲ್ಲ. ಅವನ ಒಲೆ ಲೆಕ್ಕಕ್ಕಿದೆ.

ಮೊದಲ ಹೆಜ್ಜೆ: ಷರತ್ತನ್ನು ಹುಡುಕಿ, ಒಪ್ಪಿಕೊಳ್ಳಿ

ಆಲೋಚನಾ ಪ್ರಯೋಗವೆಂದರೆ ಉಪಕರಣವಿಲ್ಲದೆ ಮನಸ್ಸಿನಲ್ಲಿ ನಡೆಸುವ ಪ್ರಯೋಗ. ಅದರ ಬಾಗಿಲು ಒಂದೇ ವಾಕ್ಯದಲ್ಲಿರುತ್ತದೆ, ಆ ವಾಕ್ಯವನ್ನು ‘ಎಂದುಕೊಳ್ಳೋಣ’, ‘ಇಟ್ಟುಕೊಳ್ಳೋಣ’, ‘ಎಂದು ಭಾವಿಸಿ’ ಎಂಬ ಮಾತುಗಳು ತೋರಿಸಿಕೊಡುತ್ತವೆ. ನಮ್ಮ ಗದ್ಯಭಾಗದ ಎರಡನೆಯ ವಾಕ್ಯವೇ ಅದು. ಅದರ ಕೆಳಗೆ ಎರಡು ಗೆರೆ ಎಳೆಯಿರಿ, ಮತ್ತು ಅದರೊಡನೆ ಜಗಳಕ್ಕೆ ನಿಲ್ಲಬೇಡಿ. ಗಣಿತದ ಮೇಷ್ಟ್ರು ‘ರಾಮನ ವಯಸ್ಸು ಎಕ್ಸ್ ಆಗಿರಲಿ’ ಎಂದಾಗ ಯಾವ ವಿದ್ಯಾರ್ಥಿಯೂ ‘ವಯಸ್ಸು ಅಕ್ಷರವಾಗುವುದು ಹೇಗೆ ಸಾರ್’ ಎಂದು ಕೇಳುವುದಿಲ್ಲ. ಅಷ್ಟೇ ಔದಾರ್ಯವನ್ನು ಇಲ್ಲಿಯೂ ತೋರಿದರೆ ಸಾಕು.

ಸಾಧ್ಯವಿಲ್ಲದ ಷರತ್ತನ್ನು ಒಪ್ಪಿಕೊಂಡರೆ ಸಿಗುವ ಲಾಭವೇನು ಎಂದು ಸಂದೇಹಪಡುವವರಿಗೆ ಗೆಲಿಲಿಯೋನ ಕಲ್ಲುಗಳನ್ನು ನೆನಪಿಸುತ್ತೇನೆ. ಭಾರದ ಕಲ್ಲು ಬೇಗ, ಹಗುರ ಕಲ್ಲು ನಿಧಾನವಾಗಿ ಬೀಳುತ್ತದೆ ಎಂಬ ಹಳೆಯ ನಂಬಿಕೆಯನ್ನು ಅವನು ಸದ್ಯಕ್ಕೆ ಒಪ್ಪಿಕೊಂಡ. ಹಾಗಾದರೆ ಎರಡನ್ನೂ ಒಟ್ಟಿಗೆ ಕಟ್ಟಿ ಬಿಟ್ಟರೆ? ಹಗುರ ಕಲ್ಲು ಹಿಂದಕ್ಕೆ ಜಗ್ಗುವುದರಿಂದ ಜೋಡಿ ನಿಧಾನವಾಗಬೇಕು. ಒಟ್ಟು ತೂಕ ಹೆಚ್ಚಿರುವುದರಿಂದ ಇನ್ನೂ ಬೇಗ ಬೀಳಬೇಕು. ಎರಡೂ ಏಕಕಾಲಕ್ಕೆ ಆಗದ್ದರಿಂದ ನಂಬಿಕೆಯೇ ಬಿದ್ದುಹೋಯಿತು. ಷರತ್ತನ್ನು ಒಪ್ಪಿದ್ದರಿಂದಲೇ ಅದರ ಒಳಗಿನ ಬಿರುಕು ಕಾಣಿಸಿತು.

ಗದ್ಯಭಾಗದ ಮೂರನೆಯ ವಾಕ್ಯವನ್ನೂ ಗಮನಿಸಿ. ‘ಇಲ್ಲಿ ಪ್ರಶ್ನೆಯಲ್ಲ’ ಎನ್ನುವ ಮೂಲಕ ಲೇಖಕ ತನ್ನ ಹೊಲಕ್ಕೆ ಬೇಲಿ ಹಾಕಿದ್ದಾನೆ. ಬೇಲಿಯಾಚೆಯ ವಿಷಯವನ್ನು ಉತ್ತರದಲ್ಲಿ ತರುವುದು ಸಲ್ಲದು.

ಎರಡನೆಯ ಹೆಜ್ಜೆ: ಪ್ರತಿ ವಾಕ್ಯಕ್ಕೂ ಒಂದು ಗುರುತು

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಎರಡನೆಯ ಓದಿನಲ್ಲಿ ಪ್ರತಿ ಹೇಳಿಕೆಯ ಬದಿಗೆ ನಾಲ್ಕರಲ್ಲಿ ಒಂದು ಅಕ್ಷರ ಬರೆಯಿರಿ. ನಿಜವಾಗಿ ಇರುವ ಅಥವಾ ನಡೆದ ಸಂಗತಿಗೆ ‘ಸಂ’. ಪ್ರಯೋಗದ ಬಾಗಿಲು ತೆರೆಯುವ ಷರತ್ತಿಗೆ ‘ಷ’. ಲೆಕ್ಕ ಸಾಗಲೆಂದು ಇಟ್ಟುಕೊಂಡ ಗೃಹೀತಕ್ಕೆ ‘ಗೃ’. ಇವುಗಳಿಂದ ಹೊರಟ ಫಲಿತಕ್ಕೆ ‘ಫ’.

ಷರತ್ತಿಗೂ ಗೃಹೀತಕ್ಕೂ ವ್ಯತ್ಯಾಸವೇನೆಂದು ಮಕ್ಕಳು ಯಾವಾಗಲೂ ಕೇಳುತ್ತಾರೆ, ಕೇಳಬೇಕಾದದ್ದೇ. ಷರತ್ತು ಲೋಕದಲ್ಲಿ ಇಲ್ಲದ್ದನ್ನು ತರುತ್ತದೆ: ಎಲ್ಲ ಮನುಷ್ಯರೂ ಒಂದೇ ಬಯಲಿನಲ್ಲಿ. ಗೃಹೀತವು ಲೋಕದಲ್ಲಿ ಇರುವುದನ್ನೇ ಲೆಕ್ಕಕ್ಕೆ ಅನುಕೂಲವಾಗುವಂತೆ ಒಂದು ದುಂಡು ಅಂಕಿಗೆ ಇಳಿಸುತ್ತದೆ: ಸರಾಸರಿ 50 ಕಿಲೋ, ಚದರ ಮೀಟರಿಗೆ ನಾಲ್ವರು, 30 ಸೆಂಟಿಮೀಟರ್ ಜಿಗಿತ. ಷರತ್ತನ್ನು ತೆಗೆದರೆ ಪ್ರಯೋಗವೇ ಇಲ್ಲವಾಗುತ್ತದೆ. ಗೃಹೀತವನ್ನು ಬದಲಿಸಿದರೆ ಅಂಕಿ ಮಾತ್ರ ಬದಲಾಗುತ್ತದೆ. ಹಾಗೆ ಗುರುತು ಹಾಕಿದಾಗ ಒಂದು ಸ್ವಾರಸ್ಯ ಕಣ್ಣಿಗೆ ಬೀಳುತ್ತದೆ: ಗದ್ಯಭಾಗದ ಮೊದಲ ವಾಕ್ಯವೂ ಕೊನೆಯ ಪ್ಯಾರಾವೂ ‘ಸಂ’, ನಡುವಿನದೆಲ್ಲ ಬಹುಪಾಲು ‘ಷ’, ‘ಗೃ’, ‘ಫ’. ಅಂದರೆ ಲೇಖಕ ಇರುವ ಲೋಕದಿಂದ ಹೊರಟು, ಊಹೆಯ ಲೋಕದಲ್ಲಿ ಸುತ್ತಾಡಿ, ಮತ್ತೆ ಇರುವ ಲೋಕಕ್ಕೆ ಮರಳಿದ್ದಾನೆ. ಈ ನಕ್ಷೆ ಕೈಯಲ್ಲಿದ್ದರೆ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕಂತೆಯೇ.

ಮೂರನೆಯ ಹೆಜ್ಜೆ: ಕ್ರಿಯಾಪದದ ತುದಿಯನ್ನು ಓದಿ

ಈ ಹೆಜ್ಜೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕೆಂದು ನನ್ನ ಒತ್ತಾಯ. ವ್ಯಾಕರಣ ಪಾಠದಲ್ಲಿ ಕಂಠಪಾಠ ಮಾಡಿ ಮರೆತ ರೂಪಗಳು ನಿಜವಾಗಿ ಕೆಲಸಕ್ಕೆ ಬರುವುದು ಇಂಥ ಗದ್ಯಭಾಗಗಳಲ್ಲಿಯೇ.

‘ನಿಂತರೆ’, ‘ಹಿಡಿದರೆ’, ‘ಜಿಗಿದರೆ’ ಎಂಬವು ಪಕ್ಷಾರ್ಥಕ ಕೃದಂತಗಳು. ಇವು ಬಂದ ವಾಕ್ಯದ ಉಳಿದ ಭಾಗ ತನ್ನ ಕಾಲ ಮೇಲೆ ತಾನು ನಿಲ್ಲುವುದಿಲ್ಲ. ‘ರೆ’ ಎಂಬ ಊರುಗೋಲಿನ ಮೇಲೆ ನಿಂತಿರುತ್ತದೆ. ‘ಒಟ್ಟು ದ್ರವ್ಯರಾಶಿ 40 ಕೋಟಿ ಟನ್’ ಎಂದಷ್ಟೇ ಉತ್ತರದಲ್ಲಿ ಬರೆದರೆ ಊರುಗೋಲನ್ನು ಕಸಿದುಕೊಂಡಂತೆ. ‘ಸರಾಸರಿ ತೂಕ 50 ಕಿಲೋ ಎಂದು ಹಿಡಿದರೆ’ ಎಂಬ ಭಾಗ ಜೊತೆಗಿರಲೇಬೇಕು.

‘ಜಿಗಿದರೆ’ ಎಂಬುದಕ್ಕೂ ‘ಜಿಗಿದಿದ್ದರೆ’ ಎಂಬುದಕ್ಕೂ ಅಂತರವಿದೆ. ‘ಎಲ್ಲರೂ ಜಿಗಿದರೆ ನೆಲ ನಡುಗುತ್ತದೆ’ ಎಂಬಲ್ಲಿ ಜಿಗಿತ ನಡೆಯಲೂಬಹುದು, ನಡೆಯದಿರಲೂಬಹುದು. ‘ಎಲ್ಲರೂ ಜಿಗಿದಿದ್ದರೆ ನೆಲ ನಡುಗುತ್ತಿತ್ತು’ ಎಂದೊಡನೆ ಎರಡು ಸುದ್ದಿಗಳು ಸಿಗುತ್ತವೆ: ಜನ ಜಿಗಿಯಲಿಲ್ಲ, ನೆಲ ನಡುಗಲಿಲ್ಲ. ‘ಇಲ್ಲ’ ಎಂಬ ಪದ ಎಲ್ಲಿಯೂ ಇಲ್ಲದೆ ಇಲ್ಲವೆಂಬ ಅರ್ಥವನ್ನು ಈ ರೂಪ ಹೊತ್ತು ತರುತ್ತದೆ. ‘ಗದ್ಯಭಾಗದ ಪ್ರಕಾರ ನೆಲ ನಡುಗಿತೇ?’ ಎಂಬ ಕುಟಿಲ ಪ್ರಶ್ನೆಗೆ ಸಿಕ್ಕಿಬೀಳದಿರಲು ಇಷ್ಟು ತಿಳಿದರೆ ಸಾಕು.

ಇನ್ನು ‘ನಡುಗೀತು’. ಇದು ಸಂಭಾವನಾರ್ಥಕ ರೂಪ. ಆಗಬಹುದು, ಆದರೆ ಆಣೆ ಮಾಡಿ ಹೇಳಲಾರೆ ಎಂಬ ಭಾವ ಇದರಲ್ಲಿದೆ. ಇದರ ಪಕ್ಕದಲ್ಲಿಯೇ ಇರುವ ‘ಸೀಳಲಾರದು’ ಎಂಬುದು ಇನ್ನೊಂದು ತೂಕದ ಮಾತು: ಸೀಳುವ ಸಾಮರ್ಥ್ಯವೇ ಆ ಪೆಟ್ಟಿಗೆ ಇಲ್ಲ ಎನ್ನುತ್ತದೆ. ಮೇಲಿನ ‘ಸರಿಯಲೇಬೇಕು’ ಎಂಬುದಂತೂ ನ್ಯೂಟನ್ನನ ನಿಯಮದ ಬೆಂಬಲದಿಂದ ಮಾತಾಡುತ್ತಿದೆ. ಅಲ್ಲಿರುವ ‘ಏ’ಕಾರ ಬೇರೆ ದಾರಿಯನ್ನು ಮುಚ್ಚಿಬಿಡುತ್ತದೆ. ‘ನೆಲ ನಡುಗುವುದು ಖಚಿತ’ ಎಂಬ ಆಯ್ಕೆಯೂ ‘ಭೂಮಿ ಸರಿಯಬಹುದು’ ಎಂಬ ಆಯ್ಕೆಯೂ ಇದೇ ಕಾರಣಕ್ಕೆ ತಪ್ಪು. ಮೊದಲನೆಯದು ಲೇಖಕ ಕೊಟ್ಟದ್ದಕ್ಕಿಂತ ಹೆಚ್ಚು ಖಚಿತತೆ ತುಂಬುತ್ತದೆ, ಎರಡನೆಯದು ಕೊಟ್ಟದ್ದನ್ನು ಕಳೆಯುತ್ತದೆ.

ಕೊನೆಯ ಪ್ಯಾರಾದ ‘ಬದಲಿಸಿದ್ದಾರೆ’, ‘ದಾಟಿದೆ’ ಎಂಬ ರೂಪಗಳಲ್ಲಿ ಪಕ್ಷಾರ್ಥದ ‘ರೆ’ ಇಲ್ಲ (‘ಬದಲಿಸಿದ್ದಾರೆ’ ಎಂಬುದರ ತುದಿಯ ‘ರೆ’ ಷರತ್ತಿನದಲ್ಲ), ‘ಈತು’ ಇಲ್ಲ. ಇದು ಆಗಿರುವ ಸಂಗತಿ. ಹೊರಗೆ ಬರುವ ಬಾಗಿಲು ಇಲ್ಲಿದೆ.

ಕೇಂದ್ರ ಲೋಕಸೇವಾ ಆಯೋಗದ ಪೂರ್ವಭಾವಿ ಪರೀಕ್ಷೆಯ ಎರಡನೆಯ ಪತ್ರಿಕೆಯಲ್ಲಿ 200 ಅಂಕಗಳಿಗೆ ಶೇಕಡಾ 33 ಪಡೆಯುವುದು ಕಡ್ಡಾಯ, ಅದರಲ್ಲಿ ಗದ್ಯಭಾಗಗಳ ಪಾಲು ದೊಡ್ಡದು. ಆದರೆ ಅವು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷ್ ಗದ್ಯಭಾಗವನ್ನು ಓದುವಾಗ ‘ವುಡ್’, ‘ವುಡ್ ಹ್ಯಾವ್’, ‘ಮೈಟ್’, ‘ಮಸ್ಟ್’ ಎಂಬ ಪುಟ್ಟ ಪದಗಳನ್ನು ಕಣ್ಣು ಹಾರಿಸಿ ಬಿಡುವುದುಂಟು. ‘ವುಡ್ ಹ್ಯಾವ್’ ಕಂಡಲ್ಲಿ ‘ಇದ್ದರೆ… ಆಗುತ್ತಿತ್ತು’ ಎಂದೂ, ‘ಮೈಟ್’ ಕಂಡಲ್ಲಿ ‘ಆದೀತು’ ಎಂದೂ, ‘ಮಸ್ಟ್’ ಕಂಡಲ್ಲಿ ‘ಆಗಲೇಬೇಕು’ ಎಂದೂ ಮನಸ್ಸಿನಲ್ಲಿ ಕನ್ನಡಕ್ಕೆ ಇಳಿಸಿಕೊಳ್ಳುವ ರೂಢಿ ಮಾಡಿಕೊಂಡರೆ, ಮನೆಯ ಮಾತಿನ ಸೂಕ್ಷ್ಮತೆಯೇ ಪರೀಕ್ಷೆಯಲ್ಲಿ ನೆರವಿಗೆ ಬರುತ್ತದೆ.

ನಾಲ್ಕನೆಯ ಹೆಜ್ಜೆ: ಅಂಕಿಗಳನ್ನು ಅಂಚಿನಲ್ಲಿ ಮಾಡಿ ನೋಡಿ

ಅಂಕಿ ಬಂದ ಕೂಡಲೇ ಕಣ್ಣು ಮುಂದಕ್ಕೆ ಜಾರುವುದು ಎಲ್ಲರಿಗೂ ಇರುವ ಚಾಳಿ. ಆದರೆ ಆಲೋಚನಾ ಪ್ರಯೋಗದಲ್ಲಿ ವಾದ ನಡೆಯುವುದು ಅಂಕಿಗಳ ಮೂಲಕವೇ. 800 ಕೋಟಿಯನ್ನು 4ರಿಂದ ಭಾಗಿಸಿದರೆ 200 ಕೋಟಿ ಚದರ ಮೀಟರ್. ಒಂದು ಚದರ ಕಿಲೋಮೀಟರಿನಲ್ಲಿ 10 ಲಕ್ಷ ಚದರ ಮೀಟರ್ ಇರುವುದರಿಂದ 2,000 ಚದರ ಕಿಲೋಮೀಟರ್ ಬಂತು. 800 ಕೋಟಿಯನ್ನು 50ರಿಂದ ಗುಣಿಸಿದರೆ 40,000 ಕೋಟಿ ಕಿಲೋ, ಅಂದರೆ 40 ಕೋಟಿ ಟನ್. 30 ಸೆಂಟಿಮೀಟರನ್ನು 15 ಲಕ್ಷ ಕೋಟಿಯಿಂದ ಭಾಗಿಸಿದರೆ, ಒಂದು ಮೀಟರನ್ನು ನೂರು ಲಕ್ಷ ಕೋಟಿ ಪಾಲು ಮಾಡಿ ಅದರಲ್ಲಿ ಎರಡು ಪಾಲು ತೆಗೆದುಕೊಂಡಷ್ಟು ಉಳಿಯುತ್ತದೆ. ಜಲಜನಕ ಪರಮಾಣುವಿನ ಅಡ್ಡಳತೆ ಅಂಥ ಸುಮಾರು ಹತ್ತು ಸಾವಿರ ಪಾಲುಗಳಷ್ಟು. ಲೇಖಕನ ‘ಐದು ಸಾವಿರದಲ್ಲಿ ಒಂದು ಪಾಲು’ ಸರಿಹೊಂದಿತು.

ಲೆಕ್ಕ ಸರಿಯಾಗಿದೆಯೆಂದು ಕಂಡ ಮೇಲೆ ಇನ್ನೊಂದು ಕೆಲಸ ಮಾಡಿ: ಗೃಹೀತವನ್ನು ಅಲುಗಾಡಿಸಿ. ಸರಾಸರಿ ತೂಕವನ್ನು 60 ಕಿಲೋ ಮಾಡಿದರೆ ಒಟ್ಟು 48 ಕೋಟಿ ಟನ್ ಆಗುತ್ತದೆ, ಭೂಮಿ ಸರಿಯುವ ದೂರ ಪರಮಾಣುವಿನ ನಾಲ್ಕು ಸಾವಿರದಲ್ಲೊಂದು ಪಾಲಿನ ಹತ್ತಿರಕ್ಕೆ ಬರುತ್ತದೆ. ಅಂಕಿ ಬದಲಾಯಿತು, ತೀರ್ಮಾನ ಕದಲಲಿಲ್ಲ. ಜಿಗಿತವನ್ನು ಇಮ್ಮಡಿ ಮಾಡಿದರೂ ಅಷ್ಟೆ. ಹೀಗೆ ಗೃಹೀತಗಳು ಅತ್ತಿತ್ತ ಆದರೂ ತೀರ್ಮಾನ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿದವರಿಗೆ ‘ಲೇಖಕರ ತೀರ್ಮಾನ ಯಾವುದನ್ನು ಹೆಚ್ಚಾಗಿ ಅವಲಂಬಿಸಿದೆ?’ ಎಂಬ ಪ್ರಶ್ನೆ ಸುಲಿದ ಬಾಳೆಹಣ್ಣು: ಅದು 50 ಕಿಲೋವನ್ನಲ್ಲ, ಎರಡು ದ್ರವ್ಯರಾಶಿಗಳ ನಡುವಿನ ಭಾರಿ ಅಂತರವನ್ನು ಅವಲಂಬಿಸಿದೆ.

ದೊಡ್ಡ ಅಂಕಿ ಮನಸ್ಸಿಗೆ ಹತ್ತದಿದ್ದರೆ ಪರಿಚಿತ ಅಳತೆಗೆ ಇಳಿಸಿಕೊಳ್ಳಿ. ದಿನಪತ್ರಿಕೆ ಓದುವ ಕನ್ನಡಿಗರಿಗೆ ಟಿಎಂಸಿಯನ್ನು ಯಾರೂ ವಿವರಿಸಬೇಕಾಗಿಲ್ಲ. ಮಳೆಗಾಲ ಬಂತೆಂದರೆ ಜಲಾಶಯಗಳ ಮಟ್ಟ ಎಲ್ಲರ ಬಾಯಲ್ಲಿರುತ್ತದೆ. ಮನುಷ್ಯದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ ಇರುವುದರಿಂದ 40 ಕೋಟಿ ಟನ್ ಜನವೆಂದರೆ 40 ಕೋಟಿ ಘನ ಮೀಟರ್ ಗಾತ್ರ. ಒಂದು ಟಿಎಂಸಿ ಸುಮಾರು 2.83 ಕೋಟಿ ಘನ ಮೀಟರ್. ಹಾಗಾದರೆ ಇಡೀ ಮನುಕುಲದ ಗಾತ್ರ 14 ಟಿಎಂಸಿ. ಕಬಿನಿ ಜಲಾಶಯದ ಸಾಮರ್ಥ್ಯ 19.52 ಟಿಎಂಸಿ, ಕೃಷ್ಣರಾಜಸಾಗರದ್ದು 49.45. ಮನುಕುಲವನ್ನೆಲ್ಲ ಸುರಿದರೂ ಕಬಿನಿ ತುಂಬುವುದಿಲ್ಲ! ಈ ಹೋಲಿಕೆಯನ್ನು ಉತ್ತರಪತ್ರಿಕೆಯಲ್ಲಿ ಬರೆಯಬಾರದು, ಗದ್ಯಭಾಗದಲ್ಲಿ ಇದು ಇಲ್ಲ. ಆದರೆ ಓದುವವನ ತಲೆಯಲ್ಲಿ ಇದ್ದರೆ ಲೇಖಕ ಏನು ಹೇಳಹೊರಟಿದ್ದಾನೆಂಬುದು ಬೇಗ ಹೊಳೆಯುತ್ತದೆ.

ಐದನೆಯ ಹೆಜ್ಜೆ: ಹೇಳದೆ ಬಿಟ್ಟದ್ದನ್ನು ಕೇಳಿಸಿಕೊಳ್ಳಿ

ಬರೆದ ಗೃಹೀತಗಳ ಹಿಂದೆ ಬರೆಯದ ಗೃಹೀತಗಳೂ ಇರುತ್ತವೆ. ಭೂಮಿ ಒಂದು ಗಟ್ಟಿ ಗುಂಡಿನಂತೆ ಇಡಿಯಾಗಿ ಸರಿಯುತ್ತದೆ ಎಂದು ಲೇಖಕ ಎಲ್ಲಿಯೂ ಹೇಳಿಲ್ಲ, ಆದರೆ ಅವನ ಲೆಕ್ಕ ಅದನ್ನು ನಂಬಿಕೊಂಡಿದೆ. ವಾಸ್ತವದಲ್ಲಿ 30 ಸೆಂಟಿಮೀಟರ್ ಜಿಗಿದವರು ಅರ್ಧ ಸೆಕೆಂಡಿನಲ್ಲಿ ನೆಲಕ್ಕಿಳಿದಿರುತ್ತಾರೆ, ಅವರು ನೆಲವನ್ನು ಒದ್ದ ಒತ್ತಡದ ಅಲೆ ಭೂಮಿಯೊಳಗೆ ಸಾಗಿ ಆಚೆಯ ಬದಿಯನ್ನು ಮುಟ್ಟಲು ಸುಮಾರು 20 ನಿಮಿಷ ಬೇಕು. ಜಿಗಿತ ಮುಗಿದು ಎಷ್ಟೋ ಹೊತ್ತಾದ ಮೇಲೆ ಭೂಮಿಯ ಆ ಬದಿಗೆ ಸುದ್ದಿ ಮುಟ್ಟುತ್ತದೆ. ಇದರಿಂದ ಲೇಖಕನ ತೀರ್ಮಾನ ಕೆಡುವುದಿಲ್ಲ, ಆದರೆ ‘ಭೂಮಿ ಸರಿಯಿತು’ ಎಂಬ ಮಾತು ಒಂದು ಸರಳೀಕರಣವೆಂದು ತಿಳಿಯುತ್ತದೆ. ಬರೆಯದ ಗೃಹೀತವನ್ನು ಹೆಕ್ಕಲು ಒಂದು ಸುಲಭ ಉಪಾಯವಿದೆ. ‘ಆದ್ದರಿಂದ’ ಎಂಬ ಪದ ಎಲ್ಲಿ ಬರುತ್ತದೋ ಅಲ್ಲಿ ನಿಂತು, ಅದರ ಹಿಂದಿನ ಮಾತು ನಿಜವಾಗಿದ್ದೂ ಮುಂದಿನ ಮಾತು ಸುಳ್ಳಾಗುವ ಸಂದರ್ಭ ಇದೆಯೇ ಎಂದು ಯೋಚಿಸಿ. ಇದ್ದರೆ, ಆ ಸಂದರ್ಭವನ್ನು ಲೇಖಕ ಮೌನವಾಗಿ ಬದಿಗಿಟ್ಟಿದ್ದಾನೆ ಎಂದರ್ಥ.

ಹೊರಗಿನ ಜ್ಞಾನವಿದ್ದವರಿಗೆ ಇಲ್ಲಿ ಒಂದು ಅಪಾಯವೂ ಇದೆ. 2001ರ ಸೆಪ್ಟೆಂಬರ್ 7ರಂದು ಬ್ರಿಟನ್ನಿನ ಸುಮಾರು ಹತ್ತು ಲಕ್ಷ ಶಾಲಾಮಕ್ಕಳು ಒಂದೇ ಹೊತ್ತಿಗೆ ಒಂದು ನಿಮಿಷ ಜಿಗಿದದ್ದು ನಿಮಗೆ ಗೊತ್ತಿರಬಹುದು. ಅದನ್ನು ನೆನೆದು ‘ಈ ಪ್ರಯೋಗ ಈಗಾಗಲೇ ನಡೆದಿದೆ’ ಎಂದು ಬರೆದರೆ ಉತ್ತರ ಹಳಿ ತಪ್ಪುತ್ತದೆ. ಆ ಮಕ್ಕಳು ದೇಶದುದ್ದಕ್ಕೂ ತಮ್ಮ ತಮ್ಮ ಶಾಲೆಗಳಲ್ಲಿದ್ದರು. ನಮ್ಮ ಷರತ್ತು ಒಂದೇ ಬಯಲನ್ನು ಕೇಳುತ್ತದೆ.

ಆರನೆಯ ಹೆಜ್ಜೆ: ತಿರುವನ್ನು ಗುರುತಿಸಿ

‘ಹೀಗಿದ್ದರೂ’ ಎಂಬ ಒಂದು ಪದದ ಮೇಲೆ ಇಡೀ ಗದ್ಯಭಾಗ ತಿರುಗುತ್ತದೆ. ‘ರೆ’ ಬದಲು ‘ರೂ’ ಬಂದಾಗ ನಿರೀಕ್ಷೆಗೆ ವಿರುದ್ಧವಾದದ್ದು ಬರಲಿದೆ ಎಂದು ತಿಳಿಯಬೇಕು. ಅಲ್ಲಿಯವರೆಗೆ ಓದಿದವರು ‘ಭೂಮಿಯ ಮುಂದೆ ಮನುಷ್ಯ ಏನೂ ಅಲ್ಲ’ ಎಂಬುದೇ ಸಾರವೆಂದುಕೊಂಡಿರುತ್ತಾರೆ. ಆ ಹಂತದಲ್ಲಿ ಗದ್ಯಭಾಗ ನಿಂತಿದ್ದರೆ ಅದೇ ಸಾರವಾಗುತ್ತಿತ್ತು. ಲೇಖಕ ಆ ಅನಿಸಿಕೆಯನ್ನು ಬೇಕೆಂದೇ ಬೆಳೆಸಿ, ನಂತರ ಅದರ ಕಾಲೆಳೆದಿದ್ದಾನೆ. ಆದ್ದರಿಂದ ಊಹೆಯ ಭಾಗ ಎಷ್ಟೇ ಉದ್ದವಿದ್ದರೂ ಸಾರಾಂಶದ ತೂಕ ತಿರುವಿನ ನಂತರದ ಮಾತಿಗೆ ಸೇರಬೇಕು.

‘ಒಲೆ’ ಎಂಬ ಪದವೂ ಇಲ್ಲಿ ಅಡುಗೆಮನೆಯ ಒಲೆಯಷ್ಟೇ ಅಲ್ಲ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಉರಿಸುವ ಎಲ್ಲವೂ ಅದರಲ್ಲಿ ಅಡಗಿವೆ. ‘ಕೊನೆಯ ವಾಕ್ಯದ ಅರ್ಥವನ್ನು ವಿವರಿಸಿ’ ಎಂಬ ಪ್ರಶ್ನೆ ಬಂದಾಗ ಇದನ್ನು ಬಿಡಿಸಿ ಬರೆಯದೆ ವಾಕ್ಯವನ್ನೇ ತಿರುಗಿ ಬರೆದರೆ ಅಂಕ ಸಿಗುವುದಿಲ್ಲ.

ಏಳನೆಯ ಹೆಜ್ಜೆ: ಪ್ರಶ್ನೆಯ ಜಾತಿಯನ್ನು ತಿಳಿದು ಉತ್ತರಿಸಿ

‘ಜನರು ಜಿಗಿದಾಗ ಭೂಮಿ ಸರಿಯುವುದೇಕೆ?’ ಎಂಬುದು ನೇರ ಪ್ರಶ್ನೆ. ಗದ್ಯಭಾಗಕ್ಕೆ ಹಿಂತಿರುಗಿ, ಕಾರಣ ಹೇಳುವ ‘ಇರುವುದರಿಂದ’ ಎಂಬ ಪದವನ್ನು ಹಿಡಿದು, ಸ್ವಂತ ಮಾತಿನಲ್ಲಿ ಬರೆಯಿರಿ: ಜನರು ನೆಲವನ್ನು ಕೆಳಕ್ಕೆ ಒತ್ತಿಯೇ ಮೇಲೆ ಜಿಗಿಯುತ್ತಾರೆ, ಪ್ರತಿ ಕ್ರಿಯೆಗೂ ಪ್ರತಿಕ್ರಿಯೆ ಇರುವುದರಿಂದ ಭೂಮಿ ವಿರುದ್ಧ ದಿಕ್ಕಿಗೆ ಸರಿಯಬೇಕಾಗುತ್ತದೆ.

‘ಕೆಳಗಿನವುಗಳಲ್ಲಿ ಗೃಹೀತ ಯಾವುದು?’ ಎಂದು ಕೇಳಿ, ಜನಸಂಖ್ಯೆ 800 ಕೋಟಿ, ಸರಾಸರಿ ತೂಕ 50 ಕಿಲೋ, ಭೂಮಿ ಮೊದಲಿದ್ದಲ್ಲಿಗೆ ಮರಳುವುದು, ಡೈಆಕ್ಸೈಡ್ 420 ಪಾಲು ದಾಟಿರುವುದು ಎಂಬ ನಾಲ್ಕು ಆಯ್ಕೆ ಕೊಟ್ಟರೆ, ಎರಡನೆಯ ಹೆಜ್ಜೆಯಲ್ಲಿ ಹಾಕಿದ ಗುರುತನ್ನು ನೋಡಿದರೆ ಮುಗಿಯಿತು. ‘ಗೃ’ ಇರುವುದು ತೂಕಕ್ಕೆ ಮಾತ್ರ.

ನಿಜವಾದ ಕಷ್ಟ ಇರುವುದು ತೀರ್ಮಾನಿಸುವ ಪ್ರಶ್ನೆಯಲ್ಲಿ. ಶಾಸ್ತ್ರದ ಭಾಷೆಯಲ್ಲಿ ಇದಕ್ಕೆ ಅನುಮಾನವೆಂದು ಹೆಸರು: ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವುದು. ಆಡುಮಾತಿನಲ್ಲಿ ಅದೇ ಪದ ಸಂಶಯವೆಂಬ ಅರ್ಥ ಪಡೆದಿರುವುದರಿಂದ ಮಕ್ಕಳಿಗೆ ಗೊಂದಲವಾಗುತ್ತದೆ, ಹಾಗಾಗಿ ನಾನು ‘ತೀರ್ಮಾನ’ ಎಂದೇ ಬಳಸುತ್ತೇನೆ. ‘ಈ ಗದ್ಯಭಾಗದಿಂದ ಏನನ್ನು ತೀರ್ಮಾನಿಸಬಹುದು?’ ಎಂಬ ಪ್ರಶ್ನೆಗೆ ಈ ಆಯ್ಕೆಗಳಿವೆ ಎನ್ನಿ:

(ಅ) ಜನಸಂಖ್ಯೆ ಇಮ್ಮಡಿಯಾದರೆ ಭೂಮಿ ತನ್ನ ಕಕ್ಷೆಯನ್ನು ಬಿಟ್ಟು ಸರಿದೀತು.
(ಆ) ಜನಸಂಖ್ಯೆ ಇಮ್ಮಡಿಯಾದರೂ ಭೂಮಿ ಸರಿಯುವ ದೂರ ಪರಮಾಣುವಿನ ಅಳತೆಗಿಂತ ಬಹಳ ಕಡಿಮೆಯೇ ಇರುತ್ತದೆ.
(ಇ) ಜನಸಂಖ್ಯೆ ಕಡಿಮೆಯಾದರೆ ಇಂಗಾಲದ ಡೈಆಕ್ಸೈಡ್ 280 ಪಾಲಿಗೆ ಇಳಿಯುತ್ತದೆ.
(ಈ) ಮನುಷ್ಯನು ಭೂಮಿಯಲ್ಲಿ ಯಾವ ಬದಲಾವಣೆಯನ್ನೂ ತರಲಾರನು.

ಇಲ್ಲಿ (ಆ) ಸರಿ. ಗದ್ಯಭಾಗದಲ್ಲಿ ಅದನ್ನು ನೇರವಾಗಿ ಹೇಳಿಲ್ಲ, ಆದರೆ ಐದು ಸಾವಿರದಲ್ಲೊಂದು ಪಾಲು ಇಮ್ಮಡಿಯಾದರೆ ಎರಡೂವರೆ ಸಾವಿರದಲ್ಲೊಂದು ಪಾಲಾಗುತ್ತದೆ, ಅಷ್ಟೆ. (ಅ) ಎರಡನೆಯ ಪ್ಯಾರಾದ ಲೆಕ್ಕಕ್ಕೆ ನೇರ ವಿರುದ್ಧ. (ಈ) ತಿರುವನ್ನು ಓದದವರನ್ನು ಹಿಡಿಯಲು ಹಾಕಿದ ಗಾಳ. ಜಾಣರನ್ನು ಕೆಡವುವುದು (ಇ): ಅದು ಕೇಳಲು ವೈಜ್ಞಾನಿಕವಾಗಿದೆ, ಪರಿಸರದ ಬಗ್ಗೆ ಕಳಕಳಿಯೂ ಅದರಲ್ಲಿದೆ. ಆದರೆ ಲೇಖಕ ಏರಿಕೆಯನ್ನು ಒಲೆಗೆ ಜೋಡಿಸಿದ್ದಾನೆಯೇ ಹೊರತು ತಲೆಯೆಣಿಕೆಗೆ ಜೋಡಿಸಿಲ್ಲ. ಇಳಿಕೆಯ ಬಗ್ಗೆಯಂತೂ ಒಂದು ಮಾತೂ ಇಲ್ಲ. ಒಳ್ಳೆಯ ಅಭಿಪ್ರಾಯವೆಂಬ ಕಾರಣಕ್ಕೆ ಒಂದು ಆಯ್ಕೆಯನ್ನು ಒಪ್ಪಬಾರದು. ಗದ್ಯಭಾಗದ ಯಾವ ವಾಕ್ಯದ ಮೇಲೆ ಅದು ನಿಂತಿದೆಯೆಂದು ಬೆರಳಿಟ್ಟು ತೋರಿಸಲು ಆಗಬೇಕು.

ಇನ್ನೊಂದು ಜಾತಿಯ ಪ್ರಶ್ನೆ ತಾನೇ ಒಂದು ಊಹೆಯಾಗಿರುತ್ತದೆ: ‘ಕೆಳಗಿನವುಗಳಲ್ಲಿ ಯಾವುದು ನಿಜವಾದರೆ ಲೇಖಕರ ವಾದ ದುರ್ಬಲವಾಗುತ್ತದೆ?’ ಗಾಳಿಯಲ್ಲಿ ಏರಿದ ಇಂಗಾಲದ ಡೈಆಕ್ಸೈಡಿನ ಬಹುಪಾಲು ಜ್ವಾಲಾಮುಖಿಗಳಿಂದ ಬಂದಿದೆ ಎಂಬುದು ಒಂದು ಆಯ್ಕೆ ಎನ್ನಿ. ಅದು ಸುಳ್ಳು, ಜ್ವಾಲಾಮುಖಿಗಳಿಂದ ಪ್ರತಿ ವರ್ಷ ಹೊರಬರುವುದು ಮನುಷ್ಯ ಹೊರಬಿಡುವುದರ ಸುಮಾರು ನೂರರಲ್ಲೊಂದು ಪಾಲು. ಆದರೂ ಆರಿಸಬೇಕಾದ ಉತ್ತರ ಅದೇ, ಏಕೆಂದರೆ ಪ್ರಶ್ನೆಯಲ್ಲಿ ‘ನಿಜವಾದರೆ’ ಎಂದಿದೆ. ಮೊದಲ ಹೆಜ್ಜೆಯಲ್ಲಿ ಗದ್ಯಭಾಗಕ್ಕೆ ತೋರಿದ ಔದಾರ್ಯವನ್ನು ಇಲ್ಲಿ ಪ್ರಶ್ನೆಗೂ ತೋರಬೇಕು.

ಸಾರಾಂಶವನ್ನು ಒಂದೇ ವಾಕ್ಯದಲ್ಲಿ ಕೇಳಿದರೆ ಷರತ್ತನ್ನೂ ತಿರುವನ್ನೂ ಅದರಲ್ಲಿ ಸೇರಿಸಿ. ನಾನಾದರೆ ಹೀಗೆ ಬರೆಯುತ್ತೇನೆ: ‘ಎಲ್ಲ ಮನುಷ್ಯರೂ ಒಂದೆಡೆ ನಿಂತು ಒಟ್ಟಿಗೆ ಜಿಗಿದರೂ ಭೂಮಿಯನ್ನು ಲೆಕ್ಕಕ್ಕೆ ಬರುವಷ್ಟು ಅಲುಗಿಸಲಾರರು, ಆದರೆ ಇಂಧನ ಉರಿಸುವ ದಿನನಿತ್ಯದ ಬದುಕಿನಿಂದಲೇ ಅವರು ಅದರ ವಾತಾವರಣವನ್ನು ಬದಲಿಸಿದ್ದಾರೆ ಎಂದು ಲೇಖಕ ಹೇಳುತ್ತಾನೆ.’ ಈ ವಾಕ್ಯದಲ್ಲಿ ಒಂದು ‘ರೂ’, ಒಂದು ‘ಲಾರರು’, ಒಂದು ‘ಬದಲಿಸಿದ್ದಾರೆ’ ಇವೆ. ಗದ್ಯಭಾಗದ ಮೂರು ಹಂತಗಳೂ ಆ ಮೂರು ತುದಿಗಳಲ್ಲಿ ಉಳಿದುಕೊಂಡಿವೆ. 2,000 ಚದರ ಕಿಲೋಮೀಟರು, ಬೆಂಗಳೂರು, ಹಿರೋಷಿಮಾ ಯಾವುದೂ ಸಾರಾಂಶಕ್ಕೆ ಬೇಕಾಗಿಲ್ಲ.

ಅಭ್ಯಾಸ

ಇದೇ ಗದ್ಯಭಾಗದಲ್ಲಿ ಷರತ್ತನ್ನು ಮಾತ್ರ ಬದಲಿಸಿ ಹೊಸದೊಂದನ್ನು ನೀವೇ ಬರೆಯಿರಿ. ಎಲ್ಲರೂ ಜಿಗಿಯುವ ಬದಲು ಸಮಭಾಜಕ ವೃತ್ತದ ಮೇಲೆ ಸಾಲಾಗಿ ನಿಂತರು ಎಂದುಕೊಳ್ಳಿ. ಅದರ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಒಬ್ಬರಿಗೆ ಅರ್ಧ ಮೀಟರ್ ಜಾಗವೆಂದು ಹಿಡಿದರೆ ಒಂದು ಸುತ್ತಿಗೆ 8 ಕೋಟಿ ಜನ ಹಿಡಿಸುತ್ತಾರೆ, 800 ಕೋಟಿಗೆ ನೂರು ಸುತ್ತುಗಳು ಬೇಕು. ಸಮಭಾಜಕ ವೃತ್ತದ ಹೆಚ್ಚಿನ ಭಾಗ ಸಮುದ್ರದ ಮೇಲಿದೆ ಎಂಬ ಆಕ್ಷೇಪವನ್ನು ಯಾವ ವಾಕ್ಯದಿಂದ ಬೇಲಿಯಾಚೆ ಇಡುತ್ತೀರಿ ಎಂದು ಮೊದಲು ನಿರ್ಧರಿಸಿ. ಬರೆದು ಮುಗಿಸಿದ ಮೇಲೆ ಪ್ರತಿ ವಾಕ್ಯಕ್ಕೂ ‘ಸಂ’, ‘ಷ’, ‘ಗೃ’, ‘ಫ’ ಗುರುತು ಹಾಕಿ, ಕ್ರಿಯಾಪದದ ತುದಿ ಆ ಗುರುತಿಗೆ ಹೊಂದುತ್ತದೆಯೇ ನೋಡಿ. ಹೊಂದದ ಕಡೆ ವಾಕ್ಯವನ್ನು ತಿದ್ದಿ, ಗೆಳೆಯರೊಬ್ಬರಿಗೆ ಓದಲು ಕೊಟ್ಟು, ನಾಲ್ಕು ಪ್ರಶ್ನೆ ಕೇಳಿ.